ಗಿರಿಜಕ್ಕನ ತೊಗರಿ ಎಲೆ

ಗದ್ವಾಲದ ನಮ್ಮ ಬೀಜದ ಲ್ಯಾಬಿನ ಐಸ್ ಯಂತ್ರ ಶುಕ್ರವಾರ ಕೆಟ್ಟಿತು. ಸೋಡಾ ಅಂಗಡಿಗೆ ಹೋಗಿ ಐಸ್ ಗಡ್ಡೆ ಕೇಳಿದೆ. ಅಂಗಡಿಯವನು ಅದನ್ನು ಗೋಣಿಚೀಲದಲ್ಲಿ ಸುತ್ತುತ್ತ, “ಏನ್ ಸಾರ್, ಮನ್ಯಾಗ ಶಾದಿ ಐತೇನ್ರಿ?” ಎಂದ. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇರುವ ನನಗೆಂಥ ಮದುವೆ! ಹೆಗಲ ಮೇಲೆ ಹೊತ್ತು ಬರುವಾಗ ಅಂಗಿ ಒದ್ದೆಯಾಗಿ ಬೆನ್ನು ಕೊರೆಯತೊಡಗಿತು. ಗಿರಿಜಕ್ಕ ನೆನಪಾದಳು.

ವರ್ಷಗಳ ಹಿಂದೆ ಹೈದರಾಬಾದಿನಲ್ಲಿ ಸಂಶೋಧನೆಗೆ ಸೇರಿದಾಗ ಲ್ಯಾಬಿನಲ್ಲಿ ನನ್ನ ಕನ್ನಡ ಆಡುವವಳು ಅವಳೊಬ್ಬಳೇ. ನಾನು ನಾರಾಯಣಪೇಟೆಯವನು, ಅವಳು ಮಕ್ತಲಿನವಳು. ಮಾತಿನ ನಡುವೆ ಇಬ್ಬರೂ ತೆಲುಗಿಗೆ ಜಾರಿ, ನಕ್ಕು, ವಾಪಸ್ ಬರುತ್ತಿದ್ದೆವು. ಆ ಒಂದು ಸುಖಕ್ಕೇ ನಾನು ಅವಳ ಕೆಲಸಕ್ಕೆ ಕೈಜೋಡಿಸುತ್ತಿದ್ದೆನೆಂದರೂ ಸರಿಯೆ.

ತೊಗರಿ ಎಲೆಯಿಂದ ಪ್ರೋಟೀನು ತೆಗೆದು, ನೀರು ಕಡಿಮೆಯಾದಾಗ ಯಾವುದು ಹೆಚ್ಚುತ್ತದೆ, ಯಾವುದು ತಗ್ಗುತ್ತದೆ ಎಂದು ನೋಡುವುದು ಅವಳ ಕೆಲಸ. ಗಿಡದ ಕೋಶಕ್ಕೆ ಗಟ್ಟಿ ಗೋಡೆ ಇರುತ್ತದೆ ನೋಡಿ. ಎಲೆಯನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಪುಡಿ ಮಾಡಬೇಕು, ದ್ರಾವಣಕ್ಕೆ ಹಾಕಬೇಕು, ಸೋನಿಕೇಟರ್ ಎಂಬ ಯಂತ್ರದ ಸದ್ದಿನ ಅಲೆಗಳಿಂದ ಕೋಶಗಳನ್ನು ಒಡೆಯಬೇಕು. ಒಡೆದದ್ದೇ ತಡ, ಒಳಗಿದ್ದ ಕಿಣ್ವಗಳು ಪ್ರೋಟೀನನ್ನೇ ಕತ್ತರಿಸತೊಡಗುತ್ತವೆ. ಸದ್ದು ಹೊಡೆದಷ್ಟೂ ಬಿಸಿ ಏರುತ್ತದೆ, ಬಿಸಿ ಏರಿದಷ್ಟೂ ಅವು ಚುರುಕಾಗುತ್ತವೆ. ಅದಕ್ಕೇ ಒಡೆಯುವ ಮುಂಚಿನ ಗಳಿಗೆಯಲ್ಲಿ ಒಂದು ತಡೆಮದ್ದು, ಸುತ್ತಲೂ ಐಸು. “ತಮ್ಮಾ, ಹತ್ತು ಸೆಕೆಂಡ್ ಹೊಡಿ, ಅರ್ಧ ನಿಮಿಷ ಬಿಡು. ಅದಕೂ ದಮ್ಮು ತಗೊಳ್ಳಾಕ ಟೈಮ್ ಬೇಕಲ್ಲ,” ಎನ್ನುತ್ತಿದ್ದಳು.

ಒಂದು ಹಂಗಾಮು ಪೂರ್ತಿ ದಾಮರಗಿದ್ದದ ಹೊಲಗಳನ್ನು ಅಲೆದು ಎಲೆ ತಂದಿದ್ದಳು. ಒಂದು ದಿನ ಉಳಿದಿದ್ದ ಪುಡಿಯನ್ನೆಲ್ಲ ದ್ರಾವಣಕ್ಕೆ ಹಾಕಿ, ತಡೆಮದ್ದು ಬೆರೆಸಿ, ಮಿಕ್ಕ ಕೆಲಸ ನನಗೊಪ್ಪಿಸಿ ಊಟಕ್ಕೆ ಹೋದಳು. ಬರುವುದರೊಳಗೆ ಮುಗಿಸಿ ಶಾಣ್ಯಾ, ಜಾಣ ಎನಿಸಿಕೊಳ್ಳುವ ಹುಕಿ ನನಗೆ. ಬಿಡುವೇ ಕೊಡದೆ ಹೊಡೆದೆ. ಐಸು ನೀರಾಯಿತು, ನಳಿಕೆಗಳು ಕೈಗೆ ಬೆಚ್ಚಗೆ ಹತ್ತಿದವು. ನೀರು ಚೆಲ್ಲಿ ಹೊಸ ಐಸು ತುಂಬಿಟ್ಟೆ.

ಪರೀಕ್ಷೆಯಲ್ಲಿ ಪಟ್ಟಿಪಟ್ಟಿಯಾಗಿ ಕಾಣಬೇಕಾದ ಪ್ರೋಟೀನು ಮಸಿ ತೀಡಿದಂತೆ ಕಂಡಿತು. ಎಲ್ಲ ಚೂರಾಗಿತ್ತು. ಗಿರಿಜಕ್ಕ ತಲೆ ಹಿಡಿದು ಕೂತಳು.

“ನಾ ಮದ್ದು ಹಾಕೂದು ಮರ್ತೀನೇನೋ, ತಮ್ಮಾ. ನಾ ಹಾಕಿದ್ದು ನೀ ನೋಡಿದ್ಯೇನು?”

“ನೆನಪಿಲ್ರೀ ಅಕ್ಕಾ,” ಎಂದೆ.

ನೋಡಿದ್ದೆ. ನನ್ನ ಕಣ್ಣೆದುರೇ ಹಾಕಿದ್ದಳು.

ಅಂದಿನಿಂದ ಏನು ಮಾಡಿದರೂ ಎರಡೆರಡು ಸಲ ನೋಡತೊಡಗಿದಳು. ಬೀಗ ಹಾಕಿ ಹೋದವಳು ತಿರುಗಿ ಬಂದು ಬೀಗ ಜಗ್ಗುತ್ತಿದ್ದಳು. ಅವಳಿಗೆ ಮರೆವು ಜಾಸ್ತಿ ಎಂಬ ಮಾತು ಲ್ಯಾಬಿನಲ್ಲೆಲ್ಲ ಹಬ್ಬಿತು. ನಾನೂ ಗೋಣು ಹಾಕಿದೆ. ವರ್ಷ ತುಂಬುವ ಮೊದಲೇ ಸಂಶೋಧನೆ ಬಿಟ್ಟು ಊರಿಗೆ ಹೋದಳು. ಆಮೇಲೆ ಆ ಲ್ಯಾಬಿನಲ್ಲಿ ನನ್ನ ಮಾತು ಆಡಲು ನನಗೆ ಯಾರೂ ಸಿಗಲಿಲ್ಲ. ನನ್ನ ಕೈಯಾರೆ ಮಾಡಿಕೊಂಡ ಒಂಟಿತನ ಅದು, ಯಾರನ್ನು ದೂರಲಿ?

ನಿನ್ನೆ ಭಾನುವಾರ ಮಕ್ತಲಿಗೆ ಹೋದೆ. ಗಿರಿಜಕ್ಕ ಈಗ ಅಲ್ಲಿನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಒಳಗೆ ಕರೆಯುವ ಮೊದಲೇ, ಅವಳ ಮನೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿಬಿಟ್ಟೆ.

“ಹಂಗಾರ ನಾ ಮದ್ದು ಹಾಕಿದ್ದೆ?”

“ಹಾಕಿದ್ರಿ ಅಕ್ಕಾ. ನಾನೇ ನೋಡೀನ್ರಿ.”

ಒಳಗೆ ಹೋಗಿ ನೋಟ್‌ಬುಕ್ಕು, ಪೆನ್ನು ತಂದು ನನ್ನ ಮುಂದೆ ಹಿಡಿದಳು. “ಬರದು ಕೊಡು. ಬಾಯಿಲೆ ಹೇಳಿ ಹೋದ್ರ, ನಾಳೆ ನೀ ಬಂದಿದ್ದೋ ಇಲ್ಲೋ ಅಂತ ನನಗ ಅನುಮಾನ ಬರ್ತೈತಿ.”

ನಿಂತೇ ಬರೆದುಕೊಟ್ಟೆ. ಓದಿದಳು. ಮತ್ತೊಮ್ಮೆ ಓದಿದಳು.

“ತಾರೀಖು ಹಾಕಿಲ್ಲ,” ಎಂದಳು.

ಹಾಕಿದೆ. ಹಾಳೆ ಹರಿದುಕೊಂಡು ಒಳಗೆ ಹೋಗಿ, ಬಾಗಿಲು ಮುಂದೆ ಮಾಡಿದಳು.