ಮೂಢಂ ಬರುವ ಮೊದಲು ಒಂದು ಅರ್ಜಿ

ಪಿಎಚ್‌ಡಿ ಮಾಡಬೇಕೆನ್ನುವ ಆಸೆ ಮದುವೆಯೂಟದ ಎರಡನೇ ಹೋಳಿಗೆಯ ಹಾಗೆ. ಬೇಕು ಎನ್ನಲು ಸಂಕೋಚ, ಬೇಡ ಎನ್ನಲು ಮನಸ್ಸಿಲ್ಲ. ಬಡಿಸುವವರು ಮುಂದಿನ ಎಲೆಗೆ ಹೋದಮೇಲೆ ಸಂಕಟ. ನಾನು ವರ್ಷಗಟ್ಟಲೆ ಹೀಗೆ ಎಲೆಯ ಮುಂದೆ ಕೂತವಳು. ಎಂಎಸ್ಸಿ ಮುಗಿದಾಗ ‘ಸ್ವಲ್ಪ ದಿನ ಕೆಲಸ ಮಾಡಿ ಆಮೇಲೆ’ ಎಂದೆ. ಮೈಸೂರು ಬಿಟ್ಟು ವಿಶಾಖಪಟ್ಟಣದ ಔಷಧ ಕಂಪನಿಯ ಪ್ರಯೋಗಾಲಯ ಸೇರಿದಮೇಲೆ ‘ಮದುವೆಯಾಗಲಿ’ ಎಂದೆ. ಆಮೇಲೆ ‘ಮಗಳು ಸ್ಕೂಲಿಗೆ ಹೋಗಲಿ’ ಎಂದೆ. ಮಗಳು ಬ್ಯಾಗು ಹೊತ್ತು ಹೊರಟ ದಿನ ನೋಡುತ್ತೇನೆ, ಫೆಲೋಶಿಪ್ ಕೊಡುವ ರಾಷ್ಟ್ರಮಟ್ಟದ ಪರೀಕ್ಷೆಗೆ ನನ್ನ ವಯಸ್ಸು ಮೀರಿಹೋಗಿದೆ!

ಉಳಿದದ್ದು ಒಂದೇ ದಾರಿ. ಇದೇ ಊರಿನ ಪ್ರಾಧ್ಯಾಪಕರೊಬ್ಬರ ಸಂಶೋಧನಾ ಯೋಜನೆಯಲ್ಲಿ ಒಬ್ಬರಿಗೆ, ಒಬ್ಬರಿಗೆ ಮಾತ್ರ, ಫೆಲೋಶಿಪ್ ಇತ್ತು. ಅದು ಸಿಕ್ಕರೆ ಕೆಲಸ ಬಿಟ್ಟು ಓದಬಹುದು. ಬರಿಗೈಯಲ್ಲಿ ಓದುವ ಧೈರ್ಯ ನಮ್ಮ ಮನೆಗಿರಲಿಲ್ಲ. ಕೈತಪ್ಪಿದರೆ ಆ ಆಸೆಗೆ ಎಳ್ಳುನೀರು ಬಿಟ್ಟ ಹಾಗೆಯೇ.

ಆ ಹೊತ್ತಿಗೆ ವಿಶಾಖಪಟ್ಟಣದ ಮಧುರವಾಡದಲ್ಲಿದ್ದ ನಮ್ಮ ಫ್ಲ್ಯಾಟಿಗೆ ಅತ್ತೆ ಬಂದಿದ್ದರು. ಅತ್ತೆ ವಿಜಯವಾಡದವರು; ಅಂದರೆ ಬಳ್ಳಾರಿಯಿಂದ ಮದುವೆಯಾಗಿ ಬಂದು, ಕೃಷ್ಣೆಯ ನೀರು ಕುಡಿದು ಕುಡಿದು ವಿಜಯವಾಡದವರಾದವರು. ಕನ್ನಡ ಇನ್ನೂ ಬಳ್ಳಾರಿಯದೇ, ಪಂಚಾಂಗ ಮಾತ್ರ ಪೂರ್ತಿ ಆಂಧ್ರದ್ದು. ಮೈಸೂರಿನ ನಮ್ಮ ಮನೆಯಲ್ಲಿ ರಾಹುಕಾಲ ತಪ್ಪಿಸಿದರೆ ಮುಗಿಯಿತು. ಅತ್ತೆಗೆ ವರ್ಜ್ಯವೂ ತಪ್ಪಬೇಕು, ದುರ್ಮುಹೂರ್ತವೂ ತಪ್ಪಬೇಕು. ಇನ್ನು ಗುರುವೋ ಶುಕ್ರನೋ ಅಸ್ತನಾಗುವ ಕಾಲ, ಇಲ್ಲಿಯವರ ಬಾಯಲ್ಲಿ ‘ಮೂಢಂ’, ಬಂತೆಂದರೆ ಮದುವೆ, ಗೃಹಪ್ರವೇಶವಿರಲಿ, ಹೊಸ ಪೊರಕೆಯೂ ಮನೆಯೊಳಗೆ ಬರುವಂತಿಲ್ಲ. ಪಂಚಾಂಗದ ವಿಷಯದಲ್ಲಿ ಅವರು ತಮಾಷೆಗೂ ಸುಳ್ಳಾಡಿದವರಲ್ಲ.

ಮೊದಲು ಅರ್ಜಿ, ಸೀಟು ಸಿಕ್ಕಮೇಲೆ ಗೈಡ್ ಆಗುವ ಆ ಪ್ರಾಧ್ಯಾಪಕರ ಭೇಟಿ ಎಂದು ನಾನು ತಿಳಿದಿದ್ದೆ. ಅವರೆಕಾಯಿ ಸುಲಿಯುತ್ತ ಕೇಳುತ್ತಿದ್ದ ಅತ್ತೆ, “ಹುಡುಗನ್ನ ನೋಡ್ದೆ ಲಗ್ನಪತ್ರಿಕೆ ಮಾಡಿಸ್ತೀಯೇನಮ್ಮಾ? ಮೊದ್ಲು ಆ ಮೇಷ್ಟ್ರಿಗೆ ಬರಿ. ಅದಕ್ಕೂ ಮುಂಚೆ ಆ ಮನೆ ಹಳೇ ಸೊಸೆಯರ್ನ ಕೇಳು” ಎಂದರು. ಹಳೇ ಸೊಸೆಯರೆಂದರೆ ಹಳೆಯ ವಿದ್ಯಾರ್ಥಿಗಳು! ಹುಡುಕಿ ಒಬ್ಬಳಿಗೆ ಫೋನ್ ಮಾಡಿದೆ. “ತುಂಬಾ ಬೈತಾರೆ ಮೇಡಂ. ಆದ್ರೆ ಬರೆದದ್ದನ್ನ ಓದಿ ಬೈತಾರೆ” ಎಂದಳು. ಇದಕ್ಕಿಂತ ಒಳ್ಳೆಯ ಸಂಬಂಧ ಎಲ್ಲಿ ಸಿಗಬೇಕು? ಬಂದರಿನಲ್ಲಿ ಹಡಗಿಗಾಗಿ ಕಾಯುವ ಮಾತ್ರೆಗಳು ಕಡಲಿನ ತೇವಕ್ಕೆ ಹೇಗೆ ಕೆಡುತ್ತವೆ ಎಂಬ ನನ್ನ ಹಳೆಯ ಪ್ರಶ್ನೆಯನ್ನು ಒಂದು ಪುಟದಲ್ಲಿ ಬರೆದು ಕಳಿಸಿದೆ. ‘ಅರ್ಜಿ ಹಾಕಿ, ಆಯ್ಕೆ ಸಮಿತಿ ನೋಡುತ್ತದೆ’ ಎಂದು ಉತ್ತರ ಬಂತು.

ಅಲ್ಲಿಗೆ ನನ್ನ ಹುಟ್ಟುಗುಣ ಶುರುವಾಯಿತು. ಸಂಶೋಧನಾ ಪ್ರಸ್ತಾವದ ಮೊದಲ ಪ್ಯಾರಾವನ್ನು ತಿದ್ದಿದ್ದೇ ತಿದ್ದಿದ್ದು. ಎದುರಿನ ಫಂಕ್ಷನ್ ಹಾಲಿನ ವಾಲಗದಿಂದ ತಲೆ ಓಡುತ್ತಿಲ್ಲವೆಂದು ನೆಪ ಹೇಳಿದರೆ, ಪಾಪ, ಅತ್ತೆ ಎದ್ದು ಕಿಟಕಿ ಮುಚ್ಚುತ್ತಿದ್ದರು. ಕೊನೆಯ ದಿನಾಂಕ ಇನ್ನೂ ದೂರವಿತ್ತು. ಒಂದು ಬೆಳಗ್ಗೆ ಅವರು ಕಾಫಿ ಲೋಟ ಇಟ್ಟು, “ಭಾನುವಾರದಿಂದ ಮೂಢಂ ಐತೆ. ಗುರುವಾರದೊಳಗೆ ಕಳಿಸಿಬಿಡು” ಎಂದರು.

“ಕಂಪ್ಯೂಟರಿಗೆ ಎಂಥ ಮೂಢಂ, ಅತ್ತೆ?”

“ಅದಕ್ಕಿಲ್ಲ. ಅದರ ಮುಂದೆ ಕೂತೋರಿಗೈತೆ.”

ವಿಜ್ಞಾನ ಓದಿದವಳು ಅತ್ತೆಯ ಮನಸ್ಸು ನೋಯಿಸಬಾರದೆಂಬ ದೊಡ್ಡತನದಿಂದ ಗುರುವಾರವೇ ಅರ್ಜಿ ಕಳಿಸಿದೆ. ಕಳಿಸಿದಮೇಲಷ್ಟೇ ಗೊತ್ತಾಯಿತು: ನನ್ನ ಪರವಾಗಿ ಶಿಫಾರಸು ಬರೆಯುವ ಗುರುಗಳಿಗೆ ಲಿಂಕ್ ಹೋಗುವುದೇ ಅರ್ಜಿ ಸಲ್ಲಿಕೆಯಾದಮೇಲೆ. ಅವರ ಪತ್ರವೂ ಅದೇ ಕೊನೆಯ ದಿನದೊಳಗೆ ಬರಬೇಕು! ಆ ದಿನಾಂಕ ನನ್ನೊಬ್ಬಳದೆಂದು ತಿಳಿದಿದ್ದೆನಲ್ಲ! ಮೈಸೂರಿನ ನನ್ನ ಮೇಷ್ಟ್ರು ಶನಿವಾರ ಬರೆದು ಕಳಿಸಿ, ಮರುದಿನ ಫೋನೂ ಸಿಗದ ಯಾತ್ರೆಗೆ ಹೊರಟರು. ನಾನು ಕೊನೆಯ ದಿನ ಕಳಿಸಿದ್ದರೆ? ಲಿಂಕ್ ಅವರ ಕೈಗೆ ಸಿಗುತ್ತಲೇ ಇರಲಿಲ್ಲ.

ಮುಂದಿನ ವಾರವೂ ಎದುರಿನ ಹಾಲಿನಲ್ಲಿ ವಾಲಗ ನಿಲ್ಲಲಿಲ್ಲ. ಅತ್ತೆ ಕಿಟಕಿ ಮುಚ್ಚುತ್ತಲೇ ಇದ್ದರು.

ಸಂದರ್ಶನ ಮುಗಿದು ಸೀಟೂ ಸಿಕ್ಕಿತು, ಫೆಲೋಶಿಪ್ಪೂ ಸಿಕ್ಕಿತು. ಅಷ್ಟರಲ್ಲಿ ಅತ್ತೆ ವಿಜಯವಾಡಕ್ಕೆ ಮರಳಿದ್ದರಿಂದ ಸಿಹಿ ಹಿಡಿದು ಅಲ್ಲಿಗೇ ಹೋದೆ. ದೇವಿಯ ಬೆಟ್ಟ ಇಂದ್ರಕೀಲಾದ್ರಿಗೆ ನಡಿ ಎಂದರು. ಮಂಡಿನೋವಿದ್ದರೂ ಬಸ್ಸು ಬೇಡ, ಮೆಟ್ಟಿಲೇ ಆಗಬೇಕೆಂಬ ಹಟ. ನನ್ನ ಸೀಟಿಗೆ ಹರಕೆ ಹೊತ್ತಿರಬೇಕೆಂದು ನನಗೆ ಕಣ್ಣು ತುಂಬಿ ಬಂತು. ಅರ್ಧ ದಾರಿಯಲ್ಲಿ ಕೂತು ಮಂಡಿ ನೀವಿಕೊಳ್ಳುತ್ತ ಅವರೇ ಹೇಳಿದರು: “ಹರಕೆ ಅಲ್ಲಮ್ಮಾ, ತಪ್ಪುಕಾಣಿಕೆ. ಆವತ್ತು ಮೂಢಂ ಇರ್ಲಿಲ್ಲ. ಪಂಚಾಂಗದ ಹೆಸರಲ್ಲಿ ಸುಳ್ಳು ಹೇಳ್ದೆ.”

ನಾನೂ ಪಕ್ಕದ ಮೆಟ್ಟಿಲಲ್ಲಿ ಕೂತೆ.

“ನಾನು ಕಾಲೇಜಿಗೆ ಹೋಗ್ತೀನಿ ಅಂದಾಗ ನಮ್ಮಪ್ಪ ‘ಮುಂದಿನ ವರ್ಷ ನೋಡಾನ’ ಅಂದ. ಮುಂದಿನ ವರ್ಷ ನನ್ನ ಮದುವೆ ಆತು. ನೀನೂ ಬರೇ ಆಮೇಲೆ ಆಮೇಲೆ ಅಂತಿದ್ದೆ. ನಂಗೆ ತಡೀಲಿಲ್ಲ” ಎಂದು ಎದ್ದು ಮತ್ತೆ ಹತ್ತತೊಡಗಿದರು.

ಮೂಢದಲ್ಲಿ ಮದುವೆ ಇರುವುದಿಲ್ಲ. ವಾರವಿಡೀ ಎದುರಿಗೇ ವಾಲಗ ಊದುತ್ತಿದ್ದರೂ, ಸದ್ದೆಂದು ಗೊಣಗಿದೆನೇ ಹೊರತು ಇದು ನನಗೆ ಹೊಳೆಯಲೇ ಇಲ್ಲ. ಇಂಥವಳಿಗೆ ಫೆಲೋಶಿಪ್ ಕೊಟ್ಟಿದ್ದಾರೆ! ಗೈಡ್, ಮೇಷ್ಟ್ರು, ಸಮಿತಿ ಎಲ್ಲರಿಗೂ ನಾನು ಋಣಿ. ಆದರೆ ತಾನು ನಂಬಿದ್ದನ್ನೇ ನನಗಾಗಿ ಒಂದು ದಿನ ಪಕ್ಕಕ್ಕಿಟ್ಟ ಆ ಹೆಂಗಸಿಗೆ ಏನೆಂದು ಥ್ಯಾಂಕ್ಸ್ ಹೇಳಲಿ? ಅವರ ಕೈ ಹಿಡಿದು ಮೆಟ್ಟಿಲು ಹತ್ತಿಸಿದೆ.

ಈಗ ನನ್ನ ಹಳೆಯ ಕಂಪನಿಯ ಹುಡುಗಿಯರು ಅರ್ಜಿ ಯಾವಾಗ ಹಾಕಬೇಕೆಂದು ನನ್ನನ್ನೇ ಕೇಳುತ್ತಾರೆ. ಮೊನ್ನೆ ಒಬ್ಬಳು, ನನ್ನ ಹಾಗೆಯೇ ಮೊದಲ ಪ್ಯಾರಾ ತಿದ್ದುತ್ತ ಕೂತವಳು, ‘ಇನ್ನೂ ಟೈಮಿದೆಯಲ್ಲ ಅಕ್ಕಾ’ ಎಂದಳು. ನಾನು ಮುಖ ಗಂಭೀರ ಮಾಡಿಕೊಂಡು, ಭಾನುವಾರದಿಂದ ಮೂಢಂ ಬರುತ್ತದೆ, ಗುರುವಾರದೊಳಗೆ ಕಳಿಸಿಬಿಡು ಎಂದೆ. ಕಳಿಸಿಯೂಬಿಟ್ಟಳು. ಹೆಮ್ಮೆಯಿಂದ ವಿಜಯವಾಡಕ್ಕೆ ಫೋನ್ ಮಾಡಿ ಹೇಳಿದೆ.

ಅತ್ತೆ ಮನಸಾರೆ ನಕ್ಕರು. ಆಮೇಲೆ, “ಹಂಗಾದ್ರೆ ಈ ಸಲ ಬೆಟ್ಟ ನೀನು ಹತ್ತು” ಎಂದರು.