ಚರಗದ ಮರುದಿನ ಕೊಯ್ದ ಬಾರಿಹಣ್ಣು

ದೋರನಹಳ್ಳಿಯ ಆ ಹೊಲದಲ್ಲಿ ಎರಡು ತಳಿಯ ಬಾರಿ, ಅಂದರೆ ಬೋರೆ ಗಿಡಗಳಿದ್ದವು: ಬೇಗ ಹಣ್ಣಾಗುವ ಜವಾರಿ ಹನ್ನೆರಡು, ತಡವಾಗಿ ಹಣ್ಣಾಗುವ ದೊಡ್ಡ ಕಾಯಿಯ ಕಸಿ ಗಿಡ ಒಂದು ಸಾಲು. ತೋಟಗಾರಿಕೆ ಇಲಾಖೆಯಲ್ಲಿ ನನ್ನ ಸೇವೆಯ ಕೊನೆಯ ಮೂರು ಹಂಗಾಮುಗಳಲ್ಲಿ ಅವುಗಳ ಹಣ್ಣು ತೂಗಿ, ಸಿಹಿ ಅಳೆದು, ಜವಾರಿ ಹಣ್ಣು ಹಿಟ್ಟುಹಿಟ್ಟು, ಎರಡು ದಿನವೂ ತಾಳದು ಎಂದು ಬರೆದವನು ನಾನೇ. ಆ ಮಾತನ್ನು ನಂಬಿದ ಹೊಲದೊಡತಿ, ಈ ಬೇಸಿಗೆಯಲ್ಲಿ ಜವಾರಿ ಗಿಡಗಳನ್ನೆಲ್ಲ ಮೊಳಕಾಲೆತ್ತರಕ್ಕೆ ಕೊಯ್ಸಿ, ಚಿಗುರಿಗೆ ದೊಡ್ಡ ತಳಿಯ ಕಣ್ಣು ಕೂಡಿಸಿ ಕಸಿ ಮಾಡಿಸುವುದಾಗಿ ಫೋನಿನಲ್ಲಿ ತಿಳಿಸಿದಳು.

ಫೋನು ಇಟ್ಟ ಮೇಲೆ, ಬಿಡಲಾಗದ ಚಟದಿಂದ, ನನ್ನ ಹಳೆಯ ಟಿಪ್ಪಣಿಗಳಲ್ಲಿದ್ದ ಕೊಯ್ಲಿನ ದಿನಾಂಕಗಳನ್ನು ಮತ್ತೊಮ್ಮೆ ತಾಳೆ ನೋಡಿದೆ. ಮೂರು ವರ್ಷಗಳ ಮೂರು ದಿನಾಂಕಗಳ ನಡುವೆ ಹೆಚ್ಚುಕಡಿಮೆ ಮೂರು ವಾರಗಳ ಏರುಪೇರಿತ್ತು. ಅದನ್ನು ಆಗ ಚಳಿಯ ಮೇಲೆ ಹಾಕಿ ಸುಮ್ಮನಾಗಿದ್ದೆ. ಹಳೆಯ ಪಂಚಾಂಗಗಳನ್ನು ತೆರೆದು ನೋಡಿದರೆ, ಮೂರೂ ಎಳ್ಳಮವಾಸ್ಯೆಯ ಮರುದಿನಗಳು. ಅಮಾವಾಸ್ಯೆ ಬೇಗ ಬಂದ ವರ್ಷ ಜವಾರಿ ಹಣ್ಣು ಗರಿಗರಿಯಾಗಿತ್ತು. ತಡವಾದ ವರ್ಷಗಳಲ್ಲಿ ಕೆಂಪಾಗಿ, ಸುಕ್ಕುಗಟ್ಟಿ ಕೆಟ್ಟಿತ್ತು. ಚಂದ್ರನನ್ನು ನೋಡಿಕೊಂಡು ಮಾಗುವ ಗಿಡದ ಬಗ್ಗೆ ನಾನೆಲ್ಲೂ ಓದಿಲ್ಲ. ತಪ್ಪು ತಳಿಯದ್ದಲ್ಲ, ಹಣ್ಣು ಮಾಗಿದ ಮೇಲೂ ಅಮಾವಾಸ್ಯೆಗೆ ಕಾಯ್ದ ಕೊಯ್ಲಿನ ದಿನದ್ದು.

ಮತ್ತೆ ಕರೆ ಮಾಡಿದರೆ ಆಕೆ ಎತ್ತಲಿಲ್ಲ. ಯಾದಗಿರಿಯಿಂದ ಶಹಾಪುರದ ಬಸ್ಸು ಹಿಡಿದು ಹೋಗಿ ದೋರನಹಳ್ಳಿಯಲ್ಲಿ ಇಳಿದಾಗ ಬಿಸಿಲು ನೆತ್ತಿಗೇರಿತ್ತು. ಹೊಲ ಮುಟ್ಟುವಷ್ಟರಲ್ಲಿ ನಾಲ್ಕು ಗಿಡಗಳು ಮೋಟಾಗಿದ್ದವು. ಗರಗಸದವನನ್ನು ನಿಲ್ಲಿಸಿ, ನೆರಳಿನಲ್ಲಿ ಕುಳಿತು, ನಾನು ಕಂಡದ್ದನ್ನು ಆಕೆಗೆ ಹೇಳಿದೆ. ಎಳ್ಳಮವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ ಭೂಮಿತಾಯಿಗೆ ಎಡೆ ಕೊಡುವ ತನಕ ಆ ಮನೆಯಲ್ಲಿ ಯಾರೂ ಬಾರಿಹಣ್ಣು ಕೀಳುವಂತಿಲ್ಲವಂತೆ. ಅತ್ತೆಯ ಕಾಲದಿಂದಲೂ ಹಾಗೆಯೇ. ಇದನ್ನು ಆಗಲೇ ಏಕೆ ಹೇಳಲಿಲ್ಲವೆಂದು ಕೇಳಿದೆ.

“ಎಲ್ಲಾರಿಗೂ ಗೊತ್ತಿದ್ದದ್ದು ಏನಂತ ಹೇಳ್ಬೇಕ್ರೀ ಸಾಹೇಬ್ರ? ನೀವರೆ ಕೇಳಿದ್ರೇನು? ಬಂದ್ರಿ, ತೂಗಿದ್ರಿ, ಚೀಲಾ ಕಟಗೊಂಡು ಹೋದ್ರಿ.”

ಆಕೆ ಮೋಟುಗಳನ್ನೂ ನಿಂತ ಎಂಟು ಗಿಡಗಳನ್ನೂ ಒಂದೊಂದಾಗಿ ನೋಡಿದಳು. ಆಮೇಲೆ ಗರಗಸದವನಿಗೆ ಬದುವಿನ ಜಾಲಿ ಕಡಿಯಲು ಹೇಳಿ ಕಳಿಸಿದಳು.

“ಒಂದು ಗಿಡಾ ಭೂಮಿತಾಯಿ ಹೆಸರ್ಲೆ ಬಿಡ್ತೀನಿ. ಅದನ್ನ ಅಮಾಸಿ ತನಕ ಯಾರೂ ಮುಟ್ಟಂಗಿಲ್ಲ. ಉಳದದ್ದು ಯಾವಾಗ ಹರಿಬೇಕು, ಹೇಳ್ರಿ.”

“ಅದು ನನಗ ಗೊತ್ತಿಲ್ಲ, ತಂಗೆವ್ವ. ಅಮಾಸಿಗಿಂತ ಮೊದಲ ಹರಿದ ಹಣ್ಣು ನಾ ಒಂದೂ ನೋಡಿಲ್ಲ.”

“ಅಷ್ಟೆಲ್ಲಾ ಬರಕೊಂಡ್ರಿ,” ಎಂದಳು, ಸಿಟ್ಟಿಲ್ಲದೆ.

ಬರುವ ಹಂಗಾಮಿನಲ್ಲಿ ಕಾಯಿ ಹಳದಿಗೆ ತಿರುಗಿದೊಡನೆ ತಿಳಿಸುವುದಾಗಿಯೂ, ನಾಲ್ಕು ದಿನಕ್ಕೊಮ್ಮೆ ಒಂದೊಂದು ಗಿಡದ ಹಣ್ಣು ಕಿತ್ತು ನನ್ನೆದುರಿಗಿಡುವುದಾಗಿಯೂ ಆಕೆಯೇ ಗೊತ್ತುಮಾಡಿದಳು. ಏಳು ಗಿಡ, ಏಳು ಸಲ ಬಸ್ಸು. ತಕ್ಕಡಿಯನ್ನು ಇಲಾಖೆಗೆ ಹಿಂದಿರುಗಿಸಿದ್ದೇನೆ, ಮಂಡಿಯೂ ಮೊದಲಿನಂತಿಲ್ಲ. ಇವನ್ನೆಲ್ಲ ಹೇಳಬಹುದಿತ್ತು. ಆ ನಾಲ್ಕು ಮೋಟುಗಳ ಎದುರಿಗೆ ಕುಳಿತು ಹೇಳಲಾಗದೆ, ಬರುತ್ತೇನೆ ಎಂದೆ.