ಬೆಳಗಾವಿಯಲ್ಲಿ ತಪ್ಪು ಪಾಠ

ಖಾನಾಪುರದ ಬಾಡಿಗೆ ಮನೆಗೆ ಬಂದ ದಿನ ಮನೆಯೊಡತಿ ಸುಮಿತ್ರಾ ನನಗೆ ಕನ್ನಡದಲ್ಲಿ "ಬರ್ರಿ, ಕುಂದರ್ರಿ" ಎಂದರು. ಮರುಕ್ಷಣವೇ ಸೊಸೆಯತ್ತ ತಿರುಗಿ ಮರಾಠಿಯಲ್ಲಿ ಏನೋ ಹೇಳಿದರು, ಇಬ್ಬರೂ ನಕ್ಕರು. ನನ್ನನ್ನೇ ಆಡಿಕೊಂಡರೆಂದು ಮೈ ಉರಿಯಿತು. ಆಮೇಲೆ ಸೊಸೆಯಿಂದ ತಿಳಿಯಿತು: ಮೈಸೂರಿನವಳು, ಚಹಾ ಮುಟ್ಟುತ್ತಾಳೋ ಇಲ್ಲವೋ, ಕಾಫಿಪುಡಿ ತರಿಸು ಎಂದಿದ್ದರಂತೆ. ಈಗ ಅವರು ನನಗೆ ಕಾಕು. ಚಿಕ್ಕಮ್ಮನಿಗೆ ಇಲ್ಲಿ ಹಾಗೆನ್ನುತ್ತಾರೆ.

ಮೈಸೂರಿನಲ್ಲಿ ಹುಳಿಯನ್ನ ಕಂಡರೆ ಮೂಗು ಮುರಿಯುತ್ತಿದ್ದವಳು ಇಲ್ಲಿ ಅದಕ್ಕಾಗಿ ಹಂಬಲಿಸುತ್ತೇನೆ. ರಜೆಗೆ ಅಲ್ಲಿಗೆ ಹೋದರೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ನೆನಪಾಗಿ ಅಮ್ಮನ ಕೈಯಲ್ಲಿ ಬೈಸಿಕೊಳ್ಳುತ್ತೇನೆ. ಎಲ್ಲಿ ಕೂತರೂ ಎದ್ದು ಹೋಗಬೇಕೆನಿಸುವ ಹಾಳು ಸ್ವಭಾವ.

ದಿನಾ ರೈಲು ಹತ್ತಿ ಬೆಳಗಾವಿಯ ಕಾಲೇಜೊಂದಕ್ಕೆ ಹೋಗಿ ಭೌತಶಾಸ್ತ್ರದ ಇತಿಹಾಸ ಕಲಿಸುತ್ತೇನೆ. ಆ ವಿಷಯ ಇದ್ದರೆ ನನಗೆ ಕೆಲಸ, ಇಲ್ಲದಿದ್ದರೆ ಗಂಟುಮೂಟೆ. ಹಳೆಯ ಸಿದ್ಧಾಂತಗಳನ್ನು ಗೇಲಿ ಮಾಡಬಾರದು, ಮೊದಲು ನಂಬಿಸಬೇಕು, ಆಮೇಲೆ ಕೆಡವಬೇಕು ಎಂಬುದು ನನ್ನ ಹಟ. ಶಾಖವೆಂದರೆ ಬಿಸಿ ವಸ್ತುವಿನಿಂದ ತಣ್ಣನೆಯದಕ್ಕೆ ಹರಿಯುವ ಕಣ್ಣಿಗೆ ಕಾಣದ ದ್ರವ ಎಂದು ಒಂದು ಕಾಲದಲ್ಲಿ ದೊಡ್ಡ ದೊಡ್ಡವರೇ ನಂಬಿದ್ದರು. ಅದನ್ನು ಮನಸಾರೆ ಕಲಿಸಿದೆ. ಕೆಡವುವ ಮೊದಲೇ ಭೌತಶಾಸ್ತ್ರ ಕಲಿಸುವ ಬೇರೊಬ್ಬ ಮೇಷ್ಟ್ರ ಪರೀಕ್ಷೆ ಬಂತು. ಅಫ್ರೀನ್ ಎಂಬ ನನ್ನ ವಿದ್ಯಾರ್ಥಿನಿ ಅಲ್ಲಿ ಅದನ್ನೇ ಬರೆದು ಸೊನ್ನೆ ತಂದಳು.

ವಿಭಾಗದ ಮುಖ್ಯಸ್ಥರು ಕರೆಸಿದರು. "ಖರೇ ಇದ್ದದ್ದಷ್ಟ ಕಲಸ್ರಿ ಮೇಡಂ. ಸುಳ್ಳು ಕಲಸಾಕ ಬ್ಯಾರೆ ಮಂದಿ ಬೇಕೇನ್ರಿ? ಮುಂದಿನ ವರ್ಷ ಈ ವಿಷಯ ಬ್ಯಾಡ."

"ಅವರೂ ಅಳೆದು ತೂಗಿಯೇ ನಂಬಿದ್ದರು ಸರ್. ನಾವು ಇವತ್ತು ನಂಬಿರೋದಕ್ಕೆ ಏನು ಗ್ಯಾರಂಟಿ?" ನನ್ನ ದನಿ ಏರಿತ್ತು.

ಮರುದಿನ ತರಗತಿಯಲ್ಲಿ ಎಲ್ಲರಿಗೂ ಅಂಗೈ ಉಜ್ಜಲು ಹೇಳಿದೆ. ಉಜ್ಜಿದಷ್ಟೂ ಬಿಸಿ ಹುಟ್ಟುತ್ತಲೇ ಇದೆ. ಒಳಗೆ ತುಂಬಿಟ್ಟ ದ್ರವವಾಗಿದ್ದರೆ ಎಲ್ಲೋ ಒಂದು ಕಡೆ ಮುಗಿಯಬೇಕಲ್ಲವೇ ಎಂದೆ. ಎಲ್ಲರೂ ಬಿಟ್ಟ ಮೇಲೂ ಅಫ್ರೀನ್ ಉಜ್ಜುತ್ತಲೇ ಇದ್ದಳು. ಗಂಟೆ ಹೊಡೆದದ್ದೇ ತಡ, ಎದ್ದು ಮುಖ್ಯಸ್ಥರ ಕೋಣೆಗೆ ನಡೆದಳು. ನಾನೂ ಹಿಂದೆ ಹೋದೆ.

"ಸರ್, ಮೊದ್ಲ ಪುಸ್ತಕದಾಗಿನ ಉತ್ತರ ಬಾಯಿಪಾಠ ಮಾಡಿದ್ನಿ. ಯಾಕ ಅಂತ ಒಮ್ಮೀನೂ ಕೇಳಿರಲಿಲ್ಲ," ಎಂದಳು. "ಶಾಖ ಯಾಕ ದ್ರವ ಅಲ್ಲ ಅಂತ ಈಗ ಗೊತ್ತಾಗೈತಿ. ಸೊನ್ನೆ ಇರ್ಲಿ. ಈ ಕ್ಲಾಸ್ ತಗೀಬ್ಯಾಡ್ರಿ."

ಅವರು ನನ್ನತ್ತ ತಿರುಗಿದರು. "ಇನ್ನೊಂದು ವರ್ಷ ನಡಸ್ರಿ. ಪರೀಕ್ಷಿ ಬರೂದ್ರಾಗ ಕೆಡವಿ ಮುಗಸ್ರಿ ಮತ್ತ."

ಸಂಜೆ ಮನೆ ಹೊಕ್ಕು ಸುದ್ದಿ ಹೇಳುವಾಗ ಅತ್ತುಬಿಟ್ಟೆ. ಕಾಕು ಲಟ್ಟಣಿಗೆ ಬದಿಗಿಟ್ಟರು.

"ಕೆಲಸ ಉಳೀತಂತಿ, ಮತ್ತ್ಯಾಕ ಅಳಾಕತ್ತಿ?"

"ಅವರು ಬೇಡ ಅಂದಿದ್ದರೆ ಅಮ್ಮನ ಹತ್ತಿರ ಹೋಗಬಹುದಿತ್ತು ಕಾಕು."

"ಹಂಗಾರ ಬ್ಯಾಡ ಅಂದಿದ್ರ ಅಳತಿದ್ದಿಲ್ಲೇನು?"

"ಆಗಲೂ ಅಳ್ತಿದ್ದೆ," ಎಂದೆ. "ನಿಮ್ಮನ್ನ ಬಿಟ್ಟು ಹೋಗಬೇಕಲ್ಲ ಅಂತ."